ಷಡ್ಡಕನ ಮೂವತ್ತು ಮೈಲಿ

ನನ್ನ ಷಡ್ಡಕ ಹೊನ್ನಯ್ಯ ಭದ್ರಾವತಿ ಕಾರ್ಖಾನೆಯಲ್ಲಿ ಫಿಟ್ಟರ್. ಬಿಳಿ ದೊರೆಯೊಬ್ಬ ಬಿಟ್ಟುಹೋದ ಹಳೇ ಮೋಟಾರ್ ಸೈಕಲ್ಲನ್ನು ಸೈಡ್‌ಕಾರಿನ ಸಮೇತ ಅವನು ಕೊಂಡ ದಿನದಿಂದ ನಮ್ಮತ್ತೆಗೆ ಅವನೊಬ್ಬನೇ ಅಳಿಯ. ಸೈಕಲ್ ತುಳಿಯುವ ನಾನು ಬರೀ ಮಗಳ ಗಂಡ. ನನ್ನ ಹೊಟ್ಟೆಯ ಉರಿಯಲ್ಲಿ ಕಬ್ಬಿಣವನ್ನೇ ಕರಗಿಸಬಹುದಿತ್ತು.

ಆ ಗಾಡಿಯ ಸ್ಪೀಡೋಮೀಟರ್ ಮುಳ್ಳು ಅಲ್ಲಾಡುತ್ತಿರಲಿಲ್ಲ. ಚಕ್ರದ ಓಟವನ್ನು ಮುಳ್ಳಿಗೆ ಮುಟ್ಟಿಸುವ ಪುಟ್ಟ ಹಲ್ಲುಗಾಲಿ ಸವೆದಿತ್ತು. ಹೊನ್ನಯ್ಯ ಅದರಲ್ಲಿ ಉಳಿದಿದ್ದ ಹಲ್ಲುಗಳನ್ನಷ್ಟೇ ಎಣಿಸಿ, ಅಷ್ಟೇ ಹಲ್ಲಿನ ಹೊಸ ಗಾಲಿಯನ್ನು ಅರದಲ್ಲಿ ಉಜ್ಜಿ ಕೂರಿಸಿದ. ಸವೆದು ಮಾಯವಾಗಿದ್ದ ಅರ್ಧದಷ್ಟು ಹಲ್ಲುಗಳು ಲೆಕ್ಕಕ್ಕೇ ಬರಲಿಲ್ಲ. ಅರ್ಧ ಹಲ್ಲಿನ ಗಾಲಿ ಎರಡರಷ್ಟು ಬೇಗ ತಿರುಗಿ, ಗಾಡಿ ಗಂಟೆಗೆ ಹದಿನೈದು ಮೈಲಿ ಹೋದರೆ ಮುಳ್ಳು ಮೂವತ್ತು ತೋರಿಸತೊಡಗಿತು.

ಅತ್ತೆಯನ್ನು ಭದ್ರಾವತಿ ಪಕ್ಕದ ಜನ್ನಾಪುರದಿಂದ ಶಿವಮೊಗ್ಗದ ನಮ್ಮನೆಗೆ ಅವನೇ ಕರೆತಂದ. ನಾನು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಹಿಂಬಾಲಿಸಿದೆ.

"ಎಷ್ಟು ಜೋರು ಹೋಗ್ತಿದೀವಿ, ಹೊನ್ನಯ್ಯನೋರೇ?"

"ಮೂವತ್ತು, ಅತ್ತೆ! ಗಟ್ಟಿಯಾಗಿ ಹಿಡ್ಕೊಳ್ಳಿ!"

ಅದಕ್ಕಿಂತ ಜೋರಾದರೆ ಅತ್ತೆ ಹೆದರಿಯಾರೆಂದು ಅವನು ಮುಳ್ಳನ್ನೇ ನೋಡುತ್ತಾ ಓಡಿಸುತ್ತಿದ್ದ. ಮೂವತ್ತು ಎಂಬ ಮಾತು ಕೇಳಿ ನನ್ನ ಕಾಲಿಗೆ ಎಲ್ಲಿಲ್ಲದ ಶಕ್ತಿ ಬಂತು. ಊರು ಹತ್ತಿರವಾದ ಇಳಿಜಾರಿನಲ್ಲಿ ಅವರಿಬ್ಬರನ್ನೂ ದಾಟಿ, ಮೊದಲು ಮನೆ ಮುಟ್ಟಿದೆ.

ಅತ್ತೆ ಇಳಿದವರೇ ನನ್ನನ್ನು ಬೆರಗಿನಿಂದ ನೋಡಿದರು. "ಮೂವತ್ತು ಮೈಲಿ ಗಾಡೀನೇ ಹಿಂದಾಕಿದ್ರಲ್ಲ! ಹೊನ್ನಯ್ಯನೋರೇ, ಸುಮ್ನೆ ಯಾಕೆ ಎಣ್ಣೆ ಸುಡ್ತೀರ? ನೀವೂ ಒಂದು ಸೈಕಲ್ ತಗೊಳ್ಳಿ."

ಹೊನ್ನಯ್ಯ ಬಾಯಿ ತೆರೆದ. ಮುಳ್ಳು ಸುಳ್ಳೆಂದರೆ ಫಿಟ್ಟರನ ಮಾನ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ನನ್ನ ಸೈಕಲ್ಲನ್ನು ದುರುಗುಟ್ಟಿ ನೋಡಿದ. ನಾನು ಬೆಲ್ಲಿನ ಧೂಳು ಒರೆಸಿದೆ.