ಪಟಾಕಿಗೆ ಮುಂಚಿನ ಫೋನು

ಒಂದು ಫೋನ್ ಮಾಡದೇ ಇದ್ದದ್ದಕ್ಕೆ ನಾನು ತೆತ್ತದ್ದು ನೆರೆಯವರೊಬ್ಬರ ಹದಿನೆಂಟು ವರ್ಷದ ಸ್ನೇಹವನ್ನು. ಅವರು ತೆತ್ತದ್ದು ಬಲ ಮೊಣಕಾಲನ್ನು. ಕಾರಣ, ಕೈಯಲ್ಲಿರುವುದನ್ನು ಎದುರಿನವನಿಗೆ ತೋರಿಸಬಾರದು ಎಂಬ ನನ್ನ ಬುದ್ಧಿವಂತಿಕೆ. ಬಾಳ್ಳುಪೇಟೆಯಲ್ಲಿ ಮೆಣಸಿನ ಚೀಲ ಹೊತ್ತು ಶುರು ಮಾಡಿ, ಚೌಕಾಸಿಯಲ್ಲೇ ನಾಲ್ಕು ಎಕರೆ ಕಾಫಿ ತೋಟ ಮಾಡಿಕೊಂಡವನು ನಾನು. ಆ ಬುದ್ಧಿ ನನಗೆ ಅನ್ನ ಹಾಕಿದೆ. ಅದನ್ನು ಎಲ್ಲಿ ಕೆಳಗಿಡಬೇಕು ಎಂಬುದು ಮಾತ್ರ ಗೊತ್ತಾಗಲಿಲ್ಲ.

ನೆರೆಯವರು ಮಿಲ್ಟ್ರಿಯಲ್ಲಿ ಕ್ಷಿಪಣಿ ದಳದಲ್ಲಿದ್ದು ನಿವೃತ್ತರಾಗಿ ಬಂದವರು. ನಮ್ಮ ತೋಟಗಳ ನಡುವೆ ಇರುವುದು ಒಂದು ಬೇಲಿ. ಆನೆ ಬಂದರೆ ನಾನು ಪಟಾಕಿ ಹೊಡೆದು ಅವರ ಕಡೆ ಅಟ್ಟುತ್ತಿದ್ದೆ, ಅವರು ನನ್ನ ಕಡೆ. ನಮ್ಮ ಸುತ್ತಮುತ್ತ ನಡೆಯುವುದೇ ಹಾಗೆ. ಹೇಳದೆ ಹೊಡೆಯುವುದೇ ಜಾಣತನ. ಹೇಳಿದರೆ ಆಚೆಯವನು ಬೇಲಿಯಲ್ಲಿ ಕಾದು ನಿಂತು ವಾಪಸ್ ಅಟ್ಟುತ್ತಾನಲ್ಲ.

ದೇಶದ ಗಡಿಯಲ್ಲಿ ಬಿಸಿ ಏರಿದ್ದ ದಿನಗಳು. ಬಾಳ್ಳುಪೇಟೆಯ ಹೋಟೆಲಿನಲ್ಲಿ ಇಬ್ಬರೂ ಟಿವಿ ನೋಡುತ್ತ ಕೂತಿದ್ದೆವು.

"ಹೇಳ್ದೆ ಕೇಳ್ದೆ ಹೊಡೆದು ಬಿಸಾಕ್ಬೇಕು ಕಣ್ರೀ," ಅಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ದೊಡ್ಡ ಕ್ಷಿಪಣಿ ಪರೀಕ್ಷೆ ಮಾಡೋಕೆ ಮೂರು ದಿನ ಮುಂಚೆ ನಾವು ಗಡಿಯಾಚೆಯವ್ರಿಗೆ ಹೇಳ್ತೀವಿ, ಅವ್ರು ನಮಗೆ ಹೇಳ್ತಾರೆ. ಹಂಗಂತ ಒಪ್ಪಂದ ಐತೆ, ಗೊತ್ತೇನೋ ನಿಂಗೆ?"

"ವೈರಿಗೆ? ಲಗ್ನಪತ್ರಿಕೆನೂ ಕೊಡ್ತೀರಾ ಅಣ್ಣ?"

ಹೋಟೆಲಿಗೆ ಹೋಟೆಲೇ ನಕ್ಕಿತು. ಅವರು ನಗಲಿಲ್ಲ.

"ಹೇಳ್ದೆ ಹಾರಿಸಿದ್ರೆ ಆ ಕಡೆ ಕೂತವನಿಗೆ ಇದು ಪರೀಕ್ಷೆನೋ ಯುದ್ಧಾನೋ ಹೆಂಗೆ ಗೊತ್ತಾಗ್ಬೇಕು? ಯೋಚ್ನೆ ಮಾಡಕ್ಕೆ ಅವನಿಗಿರೋದು ಕೆಲವೇ ನಿಮಿಷ ಮಾರಾಯ. ಹೆದರಿದವನು ಮೊದ್ಲು ಹೊಡೆದೇ ಬುಡ್ತಾನೆ. ಎಲ್ಲಾ ನಮೂನೆ ಕ್ಷಿಪಣಿನೂ ಆ ಒಪ್ಪಂದದಲ್ಲಿಲ್ಲ. ಇರೋದಾದ್ರೂ ಐತಲ್ಲ."

ವಾಪಸ್ ಬರುವಾಗ ಅವರೇ ಮಾತು ತೆಗೆದರು: ನಾವೂ ಹಾಗೇ ಮಾಡೋಣ, ಪಟಾಕಿಗೆ ಮುಂಚೆ ಒಂದು ಫೋನು. ಆನೆ ಎಷ್ಟು, ಎಲ್ಲಿವೆ ಅಂತ ಹೇಳಬೇಕು. ಆಚೆಯವನು ಜನರನ್ನು ಒಳಗೆ ಕರೆದುಕೊಳ್ಳಬೇಕು, ಎದುರು ಪಟಾಕಿ ಹೊಡೆಯಬಾರದು. ನಾನು ಒಪ್ಪಿದೆ. ಒಪ್ಪುವುದಕ್ಕೇನು ಕಷ್ಟ? ಮಳೆಗಾಲ ಪೂರ್ತಿ ಅವರು ತಪ್ಪದೆ ಫೋನ್ ಮಾಡಿದರು. ನಾನೂ ಮಾಡಿದೆ, ಆನೆ ಬೇರೆ ದಿಕ್ಕಿಗೆ ಹೋಗುವಂತಿದ್ದ ದಿನಗಳಲ್ಲಿ.

ಕಾಫಿ ಹಣ್ಣಾಯಿತು. ಒಂದು ಬೆಳಿಗ್ಗೆ ಮೂರು ಆನೆ ಹಣ್ಣಿನ ಗಿಡಗಳ ನಡುವೆಯೇ ನಿಂತಿದ್ದವು. ಫೋನ್ ತೆಗೆದೆ, ಅವರ ನಂಬರನ್ನೂ ಹುಡುಕಿದೆ. ಹೇಳಿದ ಮೇಲೆ ಅವರು ಮಾತಿಗೆ ತಪ್ಪಿ ವಾಪಸ್ ಅಟ್ಟಿಬಿಟ್ಟರೆ? ಫೋನನ್ನು ಜೇಬಿಗೆ ಹಾಕಿ ಪಟಾಕಿಗೆ ಬೆಂಕಿ ಕೊಟ್ಟೆ.

ಆನೆಗಳು ಬೇಲಿ ಮುರಿದು ನುಗ್ಗಿದವು. ಅವರು ಬೇಲಿಯಾಚೆಯೇ ಪಂಪಿನ ಹತ್ತಿರ ಬಗ್ಗಿ ಕೂತಿದ್ದರಂತೆ. ಓಡುವಾಗ ಕಲ್ಲಿನ ಚರಂಡಿಗೆ ಬಿದ್ದರು. ಜೀವ ಉಳಿಯಿತು. ಬಲ ಮೊಣಕಾಲು ಇನ್ನು ಮಡಚುವುದಿಲ್ಲ.

ಆಸ್ಪತ್ರೆಗೆ ಹೋದೆ. ಬೈದಿದ್ದರೆ ಚೆನ್ನಾಗಿತ್ತು.

"ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದೆ ಕಣೋ," ಅಂದರು. "ಮೊದ್ಲಾಗಿದ್ರೆ ಒಂದು ಕಿವಿ ನಿನ್ ತೋಟದ ಕಡೆಗೇ ಇರ್ತಿತ್ತು. ನೀನು ಹೇಳ್ತೀಯ ಅಂತ ನಿರಾಳವಾಗಿ ಕೂತ್ಬುಟ್ಟೆ."

ಮಾತು ಕೊಡದೇ ಇದ್ದಿದ್ದರೆ ಆ ಕಾಲು ಉಳಿಯುತ್ತಿತ್ತು. ಇದನ್ನು ಯಾವ ಚೌಕಾಸಿಯಲ್ಲೂ ಇಳಿಸಲಾಗಲಿಲ್ಲ. ಒಂದನ್ನೊಂದು ಶಪಿಸುವ ಎರಡು ದೇಶಗಳೇ ಕೂತು ಬರೆದುಕೊಂಡು ಉಳಿಸಿಕೊಂಡಂಥ ಮಾತನ್ನು, ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುವ ನಾನು ಒಂದು ಸುಗ್ಗಿಯವರೆಗೂ ಉಳಿಸಿಕೊಳ್ಳಲಿಲ್ಲ. ಈಗ ಅವರ ಕಡೆಯಿಂದ ಪಟಾಕಿ ಹೇಳದೇ ಸಿಡಿಯುತ್ತದೆ. ಪ್ರತಿ ಸದ್ದಿಗೂ ತೋಟದಲ್ಲಿ ಎಲ್ಲೆಲ್ಲೋ ಇರುವ ನನ್ನ ಜನರನ್ನು ಕೂಗಿ ಒಳಗೆ ಕರೆಯುತ್ತೇನೆ.

ಬೇಲಿಯಾಚೆ ನಿಮಗೂ ಒಬ್ಬರಿದ್ದರೆ ಕೇಳಿ. ಮಾತುಕತೆ ಏನಿದ್ದರೂ ಆನೆ ಬರದ ದಿನವೇ ಮುಗಿಸಿ. ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಹೆಸರು ಹಿಡಿದು ಗೊತ್ತು ಮಾಡಿ. ನಿಮಗೆ ನಷ್ಟವಿಲ್ಲದ ದಿನ ಹೇಳುವುದು ಲೆಕ್ಕಕ್ಕಿಲ್ಲ. ಹೇಳಿದರೆ ಕೈ ಸುಡುತ್ತದೆ ಅನ್ನಿಸುವ ದಿನವೇ ಮೊದಲು ಹೇಳಿ. ಅಷ್ಟು ಆಗದಿದ್ದರೆ ಮಾತೇ ಕೊಡಬೇಡಿ. ಅವರು ಎತ್ತದಿದ್ದರೂ ಫೋನ್ ಮಾಡಿ. ನಾನು ಈಗ ಮಾಡುತ್ತೇನೆ, ಅವರು ಎತ್ತುವುದಿಲ್ಲ. ಪೂರ್ತಿ ರಿಂಗ್ ಆಗಲು ಬಿಡಿ. ಕಡ್ಡಿ ಗೀರುವುದು ಆಮೇಲೆ.