ಹೇಳಿಕೊಟ್ಟವರು

ಲಾಕ್‌ಡೌನಿನಲ್ಲಿ ಪರದೇಶದ ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯಲ್ಲಿ ಕೂತು, ಹುಬ್ಬಳ್ಳಿಯಲ್ಲಿದ್ದ ಅಮ್ಮಿಯ ಅಡುಗೆ ನೋಟ್‌ಬುಕ್ಕುಗಳಿಗೆ ಒಂದು ಡಿಜಿಟಲ್ ಗ್ರಂಥಾಲಯ ಕಟ್ಟಿದೆ. ಅಮ್ಮಿ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಅಕ್ಷರ ಮುತ್ತಿನ ಹಾಗೆ. ತಂಗಿ ಅಲ್ಲಿಂದ ಪುಟಗಳ ಫೋಟೊ ತೆಗೆದು, ಟೈಪ್ ಮಾಡಿ ಕಳಿಸುತ್ತಿದ್ದಳು. ಹುಡುಕುವ ವ್ಯವಸ್ಥೆ ನನ್ನದು. ಇಂಥ ಕೆಲಸವೇ ನನ್ನ ಹೊಟ್ಟೆಪಾಡು, ಹಾಗಾಗಿ ಜಂಬವೂ ಇತ್ತು. ಎಲ್ಲ ಪುಟಕ್ಕೂ 'ಲೇಖಕರು' ಎಂಬಲ್ಲಿ ಅಮ್ಮಿಯ ಹೆಸರು ತುಂಬಿ, ವಿಡಿಯೊ ಕಾಲ್‌ನಲ್ಲಿ ತೋರಿಸಿದೆ.

ಅಮ್ಮಿ ಸಿಡುಕಿದಳು. "ನನ್ನ ಹೆಸರು ಯಾಕ ಹಾಕಿದಿ? ನಾ ಬರಕೊಂಡಾಕಿ ಅಷ್ಟ. ಪ್ರತಿ ಪುಟದ ಕೆಳಗ ಹೇಳಿಕೊಟ್ಟವರ ಹೆಸರು ಬರದೀನಲ್ಲ, ಕಣ್ಣಿಗೆ ಕಾಣಂಗಿಲ್ಲೇನು?"

ಕಂಡಿತ್ತು. ಅದನ್ನು ಟೈಪ್ ಮಾಡುವುದು ಬೇಡವೆಂದು ತಂಗಿಗೆ ಹೇಳಿದವಳೇ ನಾನು. ಮುಖ ಸಣ್ಣದು ಮಾಡಿಕೊಂಡು 'ಲೇಖಕರು' ಅಳಿಸಿ 'ಹೇಳಿಕೊಟ್ಟವರು' ಎಂದು ಬದಲಿಸಿದೆ. ತಂಗಿ ವಾರವಿಡೀ ಹೆಸರು ತುಂಬಿದಳು.

ಆಮೇಲೆ ಹುಬ್ಬಳ್ಳಿಯ ಪಕ್ಕದ ಮನೆಯ ಅಜ್ಜಿಯ ಹೆಸರು ಹಾಕಿ ಹುಡುಕಿದೆ. ಅಗಸಿ ಚಟ್ನಿ, ಎಣಗಾಯಿ, ಶೇಂಗಾ ಹೋಳಿಗೆ ಸಾಲಾಗಿ ಬಂದವು. ಹಾಲು ಹಾಕುತ್ತಿದ್ದವಳು, ಹೆಡ್‌ಮಾಸ್ತರರ ಹೆಂಡತಿ, ಅಮ್ಮಿಯ ಜೊತೆ ಹುಟ್ಟಿ ಈಗ ತೀರಿಹೋದ ಖಾಲಾ, ಕರೆದವರೆಲ್ಲ ಕೈಯಲ್ಲೊಂದು ತಿನಿಸು ಹಿಡಿದೇ ಬಂದರು. ಹೊರಗೆ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ನನ್ನ ಪರದೆಯ ಮೇಲೆ ಇಡೀ ಓಣಿಯೇ ನೆರೆದಿತ್ತು.

ಪಕ್ಕದಲ್ಲಿದ್ದ ಮಗಳು, "ಮಮ್ಮಾ, ಟ್ರೈ ಯೋರ್ಸ್" ಎಂದಳು. ನಗುತ್ತ ನನ್ನ ಹೆಸರು ಒತ್ತಿದೆ.

ಒಂದೇ ಪುಟ ಬಂತು: ಚುರುಮುರಿಗೆ ಬೆಲ್ಲ ಕಲಸುವುದು. ಕೆಳಗೆ ಅಮ್ಮಿಯ ಮುತ್ತಿನ ಅಕ್ಷರದಲ್ಲಿ ನನ್ನ ಹೆಸರು, ಅದರ ಮುಂದೆ, 'ವಯಸ್ಸು ಆರು'.