ರೈಟರ್ ಅಜಿತಪ್ರಸಾದರು ಮುಟ್ಟದ ಬಂದೂಕು

ವಯನಾಡಿನ ಕಾಫಿ ತೋಟಗಳಲ್ಲಿ ಬೋರ್ಡಿನ ಮೇಲೆ ದೊರೆಗಳ ಹೆಸರಿದ್ದರೂ ತೋಟ ನಡೆಯುವುದು ಲೆಕ್ಕಪತ್ರ ನೋಡುವ ರೈಟರ ಮಾತಿನಿಂದಲೇ ಎಂಬುದನ್ನು ಬಲ್ಲವರು, ಪನಮರದ ಜೈನ ಮನೆತನದ ಶ್ರೀ ಅಜಿತಪ್ರಸಾದರನ್ನು ಆ ವೃತ್ತಿಯ ಮೊದಲ ಸಾಲಿನಲ್ಲಿ ಕೂರಿಸಲು ಹಿಂಜರಿಯಲಾರರು. ಅವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಉಳಿದವರೆಲ್ಲ ಅವರ ಸತ್ಯಸಂಧತೆಯನ್ನೇ ಕೊಂಡಾಡಿರುತ್ತಾರೆಂದು ನನ್ನ ಗುಮಾನಿ. ಅದೇ ತೋಟದ ಔಷಧಾಲಯದಲ್ಲಿ ಕಂಪೌಂಡರನಾಗಿ, ಅವರ ಪಕ್ಕದ ಕೋಣೆಯಲ್ಲೇ ತಲೆ ನರೆಸಿಕೊಂಡ ನಾನು ಹಾಗೆ ಬರೆಯಲಾರೆ. ಅವರು ಸುಳ್ಳು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕಾಫಿ ಒಣಗಿಸುವ ಕಣದ ಗುಮಾಸ್ತರಾಗಿ ಸೇರಿ ಹಿರಿಯ ರೈಟರಾಗುವವರೆಗೂ ಅವರನ್ನು ಕೈಹಿಡಿದು ನಡೆಸಿದ್ದು ಅವರ ಹುಟ್ಟುಗುಣವಾದ ಸಂಶಯ. ಕಾಫಿ ಒಣಗಿದೆಯೆಂದು ಯಾರು ಆಣೆಯಿಟ್ಟರೂ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡದೆ ಬಿಡುತ್ತಿರಲಿಲ್ಲ. ನಾನೂ ಅಂಥವನೇ. ಬೆಳಗ್ಗೆ ಪರಸ್ಪರ ನಮಸ್ಕಾರ ಹೇಳಿದರೂ, ಇವನು ಇವತ್ತು ಯಾಕೆ ಹೇಳಿದ ಎಂದು ಇಬ್ಬರೂ ಯೋಚಿಸುತ್ತಿದ್ದೆವು. ನಾನು ಚಳಿಜ್ವರದಲ್ಲಿ ಮಲಗಿದ್ದಾಗ ಮನೆಯಿಂದ ಗಂಜಿ ಹೊತ್ತು ತಂದು ಪಕ್ಕದಲ್ಲಿ ಕೂತರು. ಜ್ವರ ನಿಜವೋ ಎಂದು ನೋಡಲು ಬಂದಿದ್ದರೆಂದೇ ನಾನು ಇಂದಿಗೂ ನಂಬಿದ್ದೇನೆ, ಗಂಜಿಯಂತೂ ರುಚಿಯಾಗಿತ್ತು.

ಮಹಾಯುದ್ಧ ಮುಗಿದ ಮೇಲೆ ಮುತ್ತಂಗದ ಹಾಡಿಯ ಮಾಧವನ್ ಬಸ್ರಾದ ರಣರಂಗದಿಂದ ಮರಳಿ ತೋಟದ ಕೂಲಿಗೆ ಸೇರಿದ. ಮೈಮೇಲೆ ಒಂದು ಗಾಯವಿರಲಿಲ್ಲ. ದಂಡಿನವರು ರೋಗವೆಂದೂ ಹೇಳದೆ, ಕೆಲಸಕ್ಕೆ ಬಾರದವನೆಂದು ಬಿಡುಗಡೆ ಮಾಡಿ ಹಡಗು ಹತ್ತಿಸಿದ್ದರು. ಗಾಯವಿಲ್ಲದವನಿಗೆ ಪಿಂಚಣಿಯೂ ಇಲ್ಲ. ಬೆಂಕಿಯಲ್ಲಿ ಬಿದಿರು ಸಿಡಿದರೆ ಸಾಕು, ಅವನು ಕಾಫಿ ಗಿಡದ ಬುಡಕ್ಕೆ ಮುಖ ಒತ್ತಿ ಮಲಗಿಬಿಡುತ್ತಿದ್ದ. ಪಲ್ಟನ್ನಿನಿಂದ ಕದ್ದು ಓಡಿಬಂದವನೆಂದು ಮೇಸ್ತ್ರಿಗಳು ಪಿಸುಗುಟ್ಟಿದರು, ಮೈಗಳ್ಳನೆಂದು ಜೊತೆಗಾರರು ಬೈದರು. ನಾನು ಕುಡಿಸಿದ ಬ್ರೋಮೈಡಿನಿಂದ ನಿದ್ದೆ ಬಂತೇ ಹೊರತು ಭಯ ಹೋಗಲಿಲ್ಲ.

ತೋಟಗಳನ್ನು ಸುತ್ತುವ ಬಿಳಿಯ ಡಾಕ್ಟರು ಒಂದು ಪರೀಕ್ಷೆ ಹೂಡಿದರು. ಬೆನ್ನ ಹಿಂದೆ ಹೇಳದೆ ಕೇಳದೆ ಗುಂಡು ಹಾರಿಸುವುದು. ಮಾಧವನ್ ನಡುಗಿದರೆ ಹುಚ್ಚಾಸ್ಪತ್ರೆಗೆ, ನಡುಗದಿದ್ದರೆ ನಾಟಕವೆಂದು ತೋಟದಿಂದ ಹೊರಗೆ. ಎರಡರಲ್ಲಿ ಯಾವುದಾದರೂ ಅವನ ಬಾಳು ಮುಗಿಯಿತು. ಅವನ ತಾಯಿ ನೀಲಿ ರೈಟರ ಬಾಗಿಲಿಗೆ ಬಂದಳು.

“ನನ್ ಮಗಂಗೆ ಹುಚ್ಚಿಲ್ಲ ರೈಟ್ರೇ, ವೆಡಿ ಸದ್ದಿಗೆ, ಗುಂಡಿನ ಸದ್ದಿಗೆ ಹೆದ್ರಿಕೆ ಅಷ್ಟೇ. ನಂಗೆ ಇವ್ನ ಬಿಟ್ರೆ ಆರಿದ್ದಾರೆ?”

“ಹೋಗಿ ಗಂಜಿ ಕುಡಿ. ಕಣದ ಕಡೆ ಬರ್ಬೇಡ,” ಎಂದರು ಅಜಿತಪ್ರಸಾದರು. ಕಲ್ಲುಮನಸ್ಸಿನ ಮನುಷ್ಯ ಎಂದುಕೊಂಡೆ.

ಮರುದಿನ ಮಾಧವನ್ ನಮಗೆ ಬೆನ್ನು ಹಾಕಿ ಕಾಫಿ ಹರಡುತ್ತಿದ್ದ. ಪಕ್ಕದಲ್ಲೇ ನಿಂತಿದ್ದ ನಮ್ಮ ತೋಟದ ದೊರೆಗಳ ಬಂದೂಕನ್ನು ಡಾಕ್ಟರು ರೈಟರ ಕೈಗೆ ನೀಡಿದರು. ಅವರು ಎರಡು ಹೆಜ್ಜೆ ಹಿಂದೆ ಸರಿದು ದೊರೆಗಳಿಗೆ ಕೈಮುಗಿದರು. “ನಾವು ಜೈನರು, ದೊರೆ. ನಮ್ಮನೇಲಿ ಯಾರೂ ಬಂದೂಕು ಮುಟ್ಟಿದೋರಲ್ಲ. ಲೈಸೆನ್ಸೂ ತಮ್ದೇ. ತಾವೇ ಹಾರಿಸ್ಬೇಕು.”

ನಾನೂ ಜೈನನೇ. ಗದ್ದೆಗಿಳಿದ ಆನೆಗಳನ್ನು ಬೆದರಿಸಲು ಅವರು ತಮ್ಮ ಮನೆಯ ಕೋವಿಯಿಂದ ಆಕಾಶಕ್ಕೆ ಗುಂಡು ಹಾರಿಸುವಾಗ ಪಕ್ಕದಲ್ಲಿ ದೀವಟಿಗೆ ಹಿಡಿದು ನಿಂತವನು. ಆದರೂ ಬಾಯಿ ಬಿಡಲಿಲ್ಲ.

ಆ ದೊರೆಗಳೂ ಫ್ರಾನ್ಸಿನ ಯುದ್ಧಭೂಮಿಯಿಂದ ಬಂದವರೇ. ಬಂದಂದಿನಿಂದ ಮೊಣಕಾಲು ನೋವೆಂದು ಒಂದು ಬೇಟೆಗೂ ಹೋಗಿರಲಿಲ್ಲ. ಬಂದೂಕು ಕೈಗೆ ಬರುತ್ತಲೇ ಅವರ ಮುಖ ಬಿಳುಚಿಕೊಂಡಿತು. ಗುಂಡಿನ ತೋಟಾ ತುಂಬಲು ಹೋದರು. ಅದು ಬೆರಳಿನಿಂದ ಜಾರಿ ಕಾಫಿ ಬೀಜಗಳ ನಡುವೆ ಬಿತ್ತು. ಡಾಕ್ಟರು ಹೆಕ್ಕಲು ಬಗ್ಗಿದರೆ, ದೊರೆಗಳು ಅದರ ಮೇಲೆ ಬೂಟುಗಾಲಿಟ್ಟರು.

“ಬೇಡ. ರೈಟರ್, ಇವನ್ಗೆ ಕಣದ್ದೇ ಕೆಲಸ ಕೊಡು. ಸದ್ದು ಇಲ್ಲದ ಕೆಲಸ,” ಎಂದು ಬಂಗಲೆಯ ಕಡೆ ನಡೆದುಬಿಟ್ಟರು. ಮಾಧವನ್ ತಿರುಗಿ ಕೂಡ ನೋಡದೆ ಕಾಫಿ ಹರಡುತ್ತಲೇ ಇದ್ದ. ನನಗೆ ಕಣ್ಣು ತುಂಬಿ ಬಂತು.

“ದೊರೆ ಕೈ ನಡುಗುತ್ತೆ ಅಂತ ನಿಮ್ಗೆ ಗೊತ್ತಿತ್ತಾ?” ಎಂದು ಆಮೇಲೆ ಕೇಳಿದೆ.

“ಇಲ್ಲ ಅಂದ್ರೆ ನಂಬ್ತೀರಾ ಕಂಪೌಂಡ್ರೇ?”

“ಇಲ್ಲ.”

“ಮತ್ತೆ ಯಾಕೆ ಕೇಳ್ತೀರಿ?”

ಆ ವಾರ ಅವರು ಬಸದಿಗೆ ಹೋಗಿ ಪ್ರಾಯಶ್ಚಿತ್ತದ ಉಪವಾಸ ಹಿಡಿದರಂತೆ. ಯಾವ ಪಾಪಕ್ಕೆಂದು ಅವರ ಪತ್ನಿ ಪದ್ಮಿನಿಯಮ್ಮನವರಿಗೂ ತಿಳಿಯದು. ಈ ಸಂಪುಟದಿಂದ ತಿಳಿದುಕೊಳ್ಳಲಿ. ನೀಲಿ ಕಡೆಯವರೆಗೂ ಮಗನ ಜೊತೆಯಲ್ಲೇ ಇದ್ದು ತೀರಿಕೊಂಡಳು. ಮಾಧವನ್ ಇಂದಿಗೂ ನಮ್ಮ ಕಣದಲ್ಲೇ ಇದ್ದಾನೆ.

ಅಜಿತಪ್ರಸಾದರಿಗೆ ದೀರ್ಘಾಯುಸ್ಸು ದೊರೆಯಲಿ; ವ್ಯಾಪಾರಿಗಳ ತಕ್ಕಡಿಯನ್ನು ಅನುಮಾನಿಸುತ್ತ ಸ್ವಂತ ಮೆಣಸಿನ ಬಳ್ಳಿಗಳ ನಡುವೆ ಇನ್ನೂ ಬಹುಕಾಲ ದುಡಿಯಲಿ. ಸನ್ಮಾನದ ದಿನ ಮಾಧವನ್‌ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಾಗಿ ಅವರು ಹೇಳಿದ್ದಾರೆ. ಸಮಿತಿಯವರೋ ಸಿಡಿಮದ್ದು ಹಾರಿಸಿ ಸ್ವಾಗತಿಸಲು ಎಲ್ಲ ಸಿದ್ಧಮಾಡಿಕೊಂಡಿದ್ದಾರೆ. ಬೇಡವೆಂದೆ, ಇಷ್ಟು ವರ್ಷಗಳಾದ ಮೇಲೂ ಹೆದರುತ್ತಾನೆಯೇ ಎಂದು ನಕ್ಕರು, ಆಗಲಿ ನೋಡೋಣ ಎಂದರು. ಆ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಆದ್ದರಿಂದ ಅಂದು ಸದ್ದಾಗದಿದ್ದರೆ ಯಾರೂ ಅಪಶಕುನವೆನ್ನಬೇಡಿ. ಮದ್ದಿಗೆ ನೀರು ಸುರಿದು ಬಂದವನು ನಾನೇ.